ಕೂದಲಿಗೂ ಇಸ್ತ್ರಿ

ಪಿಯುಸಿ ಪರೀಕ್ಷೆ ಮುಗಿಸಿ ರಜೆ ಕಳೆಯಲು ಕದ್ರಿಯ ನಮ್ಮ ಮನೆಗೆ ಬಂದಿದ್ದ ಮೊಮ್ಮಗಳು ಒಂದು ಸಂಜೆ ನನ್ನ ಪಕ್ಕದಲ್ಲಿ ಬಂದು ಕುಳಿತಳು. ಏನೋ ಬೇಡಿಕೆ ಇದೆಯೆಂದು ಕುಳಿತ ರೀತಿಯಲ್ಲೇ ಗೊತ್ತಾಯಿತು.

"ಅಜ್ಜೀ, ನನಗೊಂದು ಹೇರ್ ಸ್ಟ್ರೈಟ್ನರ್ ಬೇಕಿತ್ತು. ಅದರಲ್ಲೇ ಗುಂಗುರು ಮಾಡ್ಲಿಕ್ಕೂ ಆಗ್ಬೇಕು. ಯಾವುದು ಒಳ್ಳೆಯದು ಅಂತ ನೀವೇ ನೋಡಿ ಹೇಳಿ."

"ನೇರ ಮಾಡುವುದೂ ಅದೇ, ಸುರುಳಿ ಮಾಡುವುದೂ ಅದೇ ಅಂದರೆ ಅದೆಂತ ಯಂತ್ರ ಮಾರಾಯ್ತಿ? ನಿನ್ನ ಕೂದಲಿಗೆ ಈಗ ಎಂತ ಆಗಿದೆ?"

"ಎಂತ ಆಗ್ಲಿಲ್ಲ. ಅದೇ ಕಷ್ಟ," ಎಂದಳು.

ಆಗಸ್ಟಿನಲ್ಲಿ ಬಂಧುಗಳ ಮನೆಯ ಮದುವೆಯೊಂದಿತ್ತು, ಸಿದ್ಧತೆ ಅದಕ್ಕೆ. ನಾನು ಕಲಿಸಿದ್ದು ಸಮಾಜ ವಿಜ್ಞಾನ. ಕೇಶಾಲಂಕಾರ ನನ್ನ ವಿಷಯವಲ್ಲ. ಆದರೆ ಪ್ರಶ್ನೆ ಕೇಳಿದವರನ್ನು ಉತ್ತರವಿಲ್ಲದೆ ಕಳುಹಿಸಬಾರದೆಂಬುದು ಮೂವತ್ತು ವರ್ಷಗಳ ಅಧ್ಯಾಪನದಿಂದ ಬಂದ ಅಭ್ಯಾಸ. ಹುಡುಕುತ್ತಾ ಹೋದಂತೆ ಈ ಸಣ್ಣ ಉಪಕರಣದ ಹಿಂದೆ ಎರಡು ಸಾವಿರ ವರ್ಷಗಳ ಚರಿತ್ರೆಯೇ ಇರುವುದು ಕಂಡಿತು. ಜೊತೆಗೆ, ನಾನು ಮರೆತಿದ್ದೇನೆಂದು ನಂಬಿಕೊಂಡಿದ್ದ ಒಂದು ಸಂಗತಿಯೂ ಎದುರಾಯಿತು. ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ನಮ್ಮ ಊರಿನಿಂದಲೇ ಪ್ರಾರಂಭಿಸೋಣ. ನಮ್ಮ ಕದ್ರಿ ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹವನ್ನು ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ನೋಡಿದ್ದೀರಿ. ಆಳುಪ ಅರಸ ಕುಂದವರ್ಮನು ಕ್ರಿ.ಶ. 968ರಲ್ಲಿ ಅದನ್ನು ಪ್ರತಿಷ್ಠಾಪಿಸಿದನೆಂದು ಪೀಠದ ಶಾಸನ ತಿಳಿಸುತ್ತದೆ. ಮೂರು ಮುಖ, ಆರು ಕೈಗಳ ಆ ಮೂರ್ತಿಯ ಮುಂದೆ ನಿಂತಾಗ ನಾವೆಲ್ಲ ಮುಖದ ಶಾಂತಿಯನ್ನು ನೋಡುತ್ತೇವೆ, ಕೈಗಳನ್ನು ಎಣಿಸುತ್ತೇವೆ. ಇನ್ನೊಮ್ಮೆ ಹೋದಾಗ ತಲೆಯನ್ನು ನೋಡಿ. ಎತ್ತರಕ್ಕೆ ಎತ್ತಿ ಕಟ್ಟಿದ ಜಟಾಮಕುಟ ಅದು. ಕೂದಲೇ ಅಲ್ಲಿ ಕಿರೀಟ. ಸಾವಿರ ವರ್ಷಗಳ ಹಿಂದಿನ ಶಿಲ್ಪಿಯೂ ಕೂದಲನ್ನು ಹೇಗೆ ತೋರಿಸಬೇಕೆಂದು ತಲೆ ಕೆಡಿಸಿಕೊಂಡಿದ್ದನೆಂಬುದರಲ್ಲಿ ಸಂಶಯವಿಲ್ಲ.

ಹೊಯ್ಸಳ ವಿಷ್ಣುವರ್ಧನನು 1117ರಲ್ಲಿ ಬೇಲೂರಿನಲ್ಲಿ ಕಟ್ಟಿಸಿದ ಚೆನ್ನಕೇಶವ ದೇವಾಲಯಕ್ಕೆ ಶಾಲಾ ಪ್ರವಾಸದಲ್ಲಿ ನಿಮ್ಮನ್ನು ಕರೆದುಕೊಂಡು ಹೋದದ್ದು ನೆನಪಿದೆಯೆ? ಕೈಯಲ್ಲಿ ಕನ್ನಡಿ ಹಿಡಿದ ದರ್ಪಣಸುಂದರಿಯ ಕೆಳಗೆ ಹುಡುಗಿಯರು ಗುಂಪಾಗಿ ನಿಂತು ಕತ್ತು ನೋಯುವಷ್ಟು ಹೊತ್ತು ನೋಡುತ್ತಿದ್ದಿರಿ. ಅಲ್ಲಿನ ಮದನಿಕೆಯರಲ್ಲಿ ಹಲವರ ಹಣೆಯಂಚಿನಲ್ಲಿ ಸಣ್ಣ ಸಣ್ಣ ಸುರುಳಿಗಳ ಸಾಲೇ ಇದೆ. ಬಳಪದ ಕಲ್ಲು ಮೆದುವಾದುದರಿಂದ ಶಿಲ್ಪಿಗೆ ಅಷ್ಟು ನವಿರಾಗಿ ಕೊರೆಯಲು ಸಾಧ್ಯವಾಯಿತೆಂದು ನಾನು ಪಾಠ ಹೇಳಿದ್ದೆ. ಆದರೆ ಗುಂಗುರನ್ನು ಆತ ಚೆಲುವಿನ ಲಕ್ಷಣವೆಂದು ತಿಳಿದಿದ್ದನೆಂಬುದನ್ನು ಹೇಳಿದ ನೆನಪಿಲ್ಲ.

ನಮ್ಮ ಭಾಷೆಯೂ ಗುಂಗುರಿನ ಪಕ್ಷವನ್ನೇ ವಹಿಸಿದೆ. ಕುರುಳು, ಮುಂಗುರುಳು, ಗುಂಗುರು, ಸುರುಳಿ, ಅಲಕ ಎಂದು ಎಷ್ಟೊಂದು ಹೆಸರುಗಳು! ನೇರ ಕೂದಲಿಗೆ ಹೀಗೆ ಬೇರೆ ಬೇರೆ ಮುದ್ದಿನ ಹೆಸರುಗಳಿಲ್ಲ. ಅಮರಕೋಶವು ಅಲಕಕ್ಕೆ ಚೂರ್ಣಕುಂತಲವೆಂಬ ಅರ್ಥ ಕೊಡುತ್ತದೆ. ಸುಗಂಧದ ಚೂರ್ಣ ಸವರಿ ಸುರುಳಿಗೊಳಿಸಿದ ಕೂದಲೆಂದು ಅದನ್ನು ವಿವರಿಸುವುದುಂಟು. ಹಾಗಿದ್ದರೆ ಕೂದಲನ್ನು ಬೇಕೆಂದೇ ಗುಂಗುರು ಮಾಡಿಕೊಳ್ಳುವ ಆಸೆ ನಮ್ಮ ನೆಲದಲ್ಲೂ ಹಳೆಯದು. ಕಲ್ಯಾಣದ ಚಾಲುಕ್ಯರು ಆಳಿದ ನಾಡಿಗೆ ಕುಂತಳವೆಂಬ ಹೆಸರಿತ್ತು. ಕುಂತಳವೆಂದರೆ ತಲೆಗೂದಲೂ ಹೌದು. ಇವೆರಡಕ್ಕೆ ಸಂಬಂಧವಿರಲಿ, ಇಲ್ಲದಿರಲಿ, ನಾಡಿಗೂ ಮುಡಿಗೂ ಒಂದೇ ಹೆಸರಿರುವುದು ನನಗೆ ಪ್ರಿಯವಾದ ವಿಷಯ.

ಇನ್ನು ಕಬ್ಬಿಣದ ಮಾತು. ಪ್ರಾಚೀನ ರೋಮಿನ ಶ್ರೀಮಂತರ ಮನೆಗಳಲ್ಲಿ ಕ್ಯಾಲಮಿಸ್ಟ್ರಮ್ ಎಂಬ ಲೋಹದ ಕೋಲನ್ನು ಬಿಸಿಬೂದಿಯಲ್ಲಿ ಹುಗಿದು ಕಾಯಿಸಿ, ಅದಕ್ಕೆ ಕೂದಲು ಸುತ್ತಿ ಸುರುಳಿ ಮಾಡುತ್ತಿದ್ದರು. ಕೋಲು ಕಾಯಿಸಿ ಕೊಡುವ ಕೆಲಸಕ್ಕೆ ಗುಲಾಮರಿದ್ದರು. ಅಂದಿನಿಂದ ಹತ್ತೊಂಬತ್ತನೆಯ ಶತಮಾನದವರೆಗೂ ಈ ತಂತ್ರದಲ್ಲಿ ಹೆಚ್ಚಿನ ಬದಲಾವಣೆ ಆಗಲಿಲ್ಲ. ಬಿಸಿ ಎಷ್ಟಿದೆಯೆಂದು ತಿಳಿಯಲು ಇದ್ದ ಉಪಾಯ ಒಂದೇ: ಇಕ್ಕಳವನ್ನು ಕಾಗದದ ಮೇಲೆ ಒತ್ತಿ ನೋಡುವುದು. ಕಾಗದ ಕಂದಿದರೆ ಕೂದಲೂ ಸುಡುತ್ತದೆ. ಅಮೆರಿಕದ ಲೇಖಕಿ ಲೂಯಿಸಾ ಮೇ ಆಲ್ಕಾಟ್ 1868ರಲ್ಲಿ ಪ್ರಕಟಿಸಿದ 'ಲಿಟ್ಲ್ ವಿಮೆನ್' ಕಾದಂಬರಿಯಲ್ಲಿ ತಂಗಿಯೊಬ್ಬಳು ಅಕ್ಕನ ಮುಂಗುರುಳನ್ನು ಬಿಸಿ ಇಕ್ಕಳದಿಂದ ಸುಟ್ಟುಹಾಕುವ ಪ್ರಸಂಗವಿದೆ. ಓದುವಾಗ ನಗು ಬರುತ್ತದೆ. ಆದರೆ ಅಂದಿನ ಮನೆಗಳಲ್ಲಿ ಅದು ಅಪರೂಪದ ಅಪಘಾತವಾಗಿರಲಾರದು.

ಫ್ರಾನ್ಸಿನ ಮಾರ್ಸೆಲ್ ಗ್ರಾಟೋ ಎಂಬ ಕ್ಷೌರಿಕನು 1872ರ ಸುಮಾರಿಗೆ ಪ್ಯಾರಿಸಿನಲ್ಲಿ ಹೊಸ ವಿಧಾನವೊಂದನ್ನು ಬಳಕೆಗೆ ತಂದನು. ಬಿಸಿ ಇಕ್ಕಳವನ್ನು ಒಮ್ಮೆ ಮೇಲ್ಮುಖವಾಗಿ, ಒಮ್ಮೆ ಕೆಳಮುಖವಾಗಿ ತಿರುಗಿಸಿ ಹಿಡಿದು, ಕೂದಲಿನಲ್ಲಿ ಅಲೆ ಎಬ್ಬಿಸುವ ಕ್ರಮ ಅದು. ಮಾರ್ಸೆಲ್ ಅಲೆಯೆಂದೇ ಅದು ಹೆಸರಾಯಿತು. ಅನಂತರ ಬಂದ ಜರ್ಮನಿಯ ಕಾರ್ಲ್ ನೆಸ್ಲರ್ 1905-06ರ ಹೊತ್ತಿಗೆ ಲಂಡನ್ನಿನಲ್ಲಿ ವಿದ್ಯುತ್ತಿನಿಂದ ಕಾಯುವ ಹಿತ್ತಾಳೆಯ ಸುರುಳಿಗಳಿಗೆ ಕೂದಲು ಸುತ್ತಿ, ತೊಳೆದರೂ ಹೋಗದ ಗುಂಗುರನ್ನು ಪ್ರದರ್ಶಿಸಿದನು. ಕೂರಬೇಕಾದದ್ದು ಗಂಟೆಗಟ್ಟಲೆ. ಭಾರವಾದ ಆ ಸುರುಳಿಗಳು ತಲೆಗೆ ತಾಗದಂತೆ ಮೇಲಿನಿಂದ ತೂಗುಹಾಕಬೇಕಾಗಿತ್ತು. ಅವನ ಮೊದಲ ಪ್ರಯೋಗಗಳಲ್ಲಿ ಸುಟ್ಟದ್ದು ಹೆಂಡತಿಯ ಕೂದಲು. ಆವಿಷ್ಕಾರಕನ ಹೆಸರು ಎಲ್ಲ ಪುಸ್ತಕಗಳಲ್ಲೂ ಇದೆ. ಕತರೀನಾ ಎಂಬ ಆ ಹೆಂಡತಿಯ ಹೆಸರೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಇರಬೇಕಾಗಿತ್ತೆಂದು ನನ್ನ ಅಭಿಪ್ರಾಯ.

ಇಲ್ಲಿಯವರೆಗಿನದು ನೇರ ಕೂದಲಿನವರು ಸುರುಳಿ ಬಯಸಿದ ಕಥೆ. ಅಮೆರಿಕದ ಕಪ್ಪು ಜನರ ಕಥೆ ಬೇರೆ. ಗುಲಾಮಗಿರಿಯಿಂದ ಬಿಡುಗಡೆಗೊಂಡ ಮೇಲೂ, ಅವರ ದಟ್ಟವಾದ ಸುರುಳಿಗೂದಲನ್ನು ಬಿಳಿಯರ ಸಮಾಜವು ಅಂದಗೇಡು, ಅಶಿಸ್ತು ಎಂದೇ ನೋಡಿತು. ಕೆಲಸ ಬೇಕು, ಮರ್ಯಾದೆ ಬೇಕು ಎಂದರೆ ಕೂದಲು ನೇರವಾಗಬೇಕು. ಆದುದರಿಂದ ಕಾಯಿಸಿದ ಲೋಹದ ಬಾಚಣಿಗೆ ಅವರ ಮನೆಗಳಲ್ಲಿ ಅಲಂಕಾರದ ವಸ್ತುವಿಗಿಂತ ಹೆಚ್ಚಾಗಿ ಬದುಕಿನ ಅವಶ್ಯಕತೆಯಾಯಿತು. ಗುಲಾಮರಾಗಿದ್ದ ತಂದೆತಾಯಿಯರ ಮಗಳಾಗಿ 1867ರಲ್ಲಿ ಹುಟ್ಟಿದ ಮೇಡಂ ಸಿ. ಜೆ. ವಾಕರ್, ಕೂದಲಿನ ಆರೈಕೆಯ ವಸ್ತುಗಳನ್ನು ಮನೆಮನೆಗೆ ಮಾರಿ, ಸಾವಿರಾರು ಮಹಿಳೆಯರಿಗೆ ಉದ್ಯೋಗ ಕೊಟ್ಟು, 1919ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆ ದೇಶದ ಅತ್ಯಂತ ಶ್ರೀಮಂತ ಕಪ್ಪು ಮಹಿಳೆಯರಲ್ಲಿ ಒಬ್ಬಳಾಗಿದ್ದಳು. ಬಿಸಿ ಬಾಚಣಿಗೆಯನ್ನು ಕಂಡುಹಿಡಿದವಳು ಅವಳಲ್ಲ; ಅದನ್ನು ಜನಪ್ರಿಯಗೊಳಿಸಿದವರಲ್ಲಿ ಒಬ್ಬಳು. ಕೂದಲಿನ ಸಹಜ ಸ್ವರೂಪದ ಕಾರಣಕ್ಕೆ ಶಾಲೆಯಲ್ಲಾಗಲಿ ಕೆಲಸದಲ್ಲಾಗಲಿ ತಾರತಮ್ಯ ಮಾಡಕೂಡದೆಂದು ಕ್ಯಾಲಿಫೋರ್ನಿಯಾ ರಾಜ್ಯವು ಕಾನೂನು ಮಾಡಿದ್ದು 2019ರಲ್ಲಿ. ಅಂದರೆ ವಾಕರ್ ತೀರಿಕೊಂಡು ಸರಿಯಾಗಿ ನೂರು ವರ್ಷಗಳ ಮೇಲೆ. ಈ ಸಾಲನ್ನು ಓದಿದಾಗ ನಾನು ಕನ್ನಡಕ ತೆಗೆದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ನಮ್ಮ ಕಡೆಗೆ ಈ ಉಪಕರಣ ಬಂದ ದಾರಿ ಕೊಲ್ಲಿ ದೇಶಗಳದ್ದು. ಎಂಬತ್ತು-ತೊಂಬತ್ತರ ದಶಕಗಳಲ್ಲಿ ಮಂಗಳೂರಿನ ಎಷ್ಟೋ ಮನೆಗಳಿಗೆ ದುಬಾಯಿ, ಬಹರೈನ್, ಕುವೈತಿನಿಂದ ಪೆಟ್ಟಿಗೆಗಳು ಬರುತ್ತಿದ್ದವು. ಅದರೊಳಗೆ ಸೀರೆ, ಸೆಂಟು, ಟಾರ್ಚುಗಳ ನಡುವೆ ಒಮ್ಮೊಮ್ಮೆ ಕೂದಲಿನ ಯಂತ್ರವೂ ಇರುತ್ತಿತ್ತು. ಅದರ ಪ್ಲಗ್ಗಿಗೆ ಚೌಕದ ಮೂರು ಕಾಲು; ನಮ್ಮ ಗೋಡೆಗೆ ದುಂಡು ತೂತು. ಅಡಾಪ್ಟರ್ ಹುಡುಕಿ ಹಂಪನಕಟ್ಟೆಗೆ ಹೋದವರು ನಿಮ್ಮಲ್ಲೇ ಇರಬಹುದು. ಅದಾದರೂ ವಾಸಿ. ಅಮೆರಿಕದಿಂದ ಬಂದ ಯಂತ್ರದ ಕಥೆ ಇನ್ನೂ ಕಷ್ಟ. ಅಲ್ಲಿ 120 ವೋಲ್ಟ್, ಇಲ್ಲಿ 230. ವೋಲ್ಟೇಜು ಸುಮಾರು ಇಮ್ಮಡಿಯಾದರೆ ಶಾಖವು ಅದರ ವರ್ಗಕ್ಕೆ ಅನುಗುಣವಾಗಿ ಸುಮಾರು ನಾಲ್ಮಡಿಯಾಗುತ್ತದೆ. ನಮ್ಮ ಬಂಧುಗಳ ಮನೆಯಲ್ಲಿ ಹಾಗೆ ಒಂದು ಯಂತ್ರ ಒಂದೇ ನಿಮಿಷದಲ್ಲಿ ಹೊಗೆಯಾಗಿ ಮನೆಯ ಫ್ಯೂಸನ್ನೂ ಕರೆದುಕೊಂಡು ಹೋಗಿತ್ತು.

ಕೂದಲನ್ನು ನೇರ ಮಾಡುವುದೂ ಸುರುಳಿ ಮಾಡುವುದೂ ಒಂದೇ ಉಪಕರಣದಿಂದ ಹೇಗೆ ಸಾಧ್ಯ? ಇದಕ್ಕೆ ಉತ್ತರ ಕೂದಲಿನ ಒಳಗಿದೆ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನ ನಾರು. ಅದರ ಎಳೆಗಳನ್ನು ಎರಡು ಬಗೆಯ ಮುಖ್ಯ ಬಂಧಗಳು ಹಿಡಿದಿಟ್ಟಿವೆ. ಹೈಡ್ರೋಜನ್ ಬಂಧಗಳು ದುರ್ಬಲ. ನೀರು ತಾಗಿದರೆ, ಬಿಸಿ ತಾಗಿದರೆ ಬಿಡುತ್ತವೆ, ಒಣಗಿ ತಣಿದಾಗ ಆಗ ಯಾವ ಆಕಾರದಲ್ಲಿದ್ದವೋ ಅದೇ ಆಕಾರದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಗಂಧಕದ ಬಂಧಗಳು ಗಟ್ಟಿ. ರಾಸಾಯನಿಕ ಹಾಕದೆ ಸುಲಭವಾಗಿ ಬಿಡುವುದಿಲ್ಲ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾನಿಲಯದ ವಿಲಿಯಂ ಆಸ್ಟ್‌ಬರಿ 1930ರ ದಶಕದಲ್ಲಿ ಉಣ್ಣೆ ಮತ್ತು ಕೂದಲಿನ ಮೇಲೆ ಎಕ್ಸ್ ಕಿರಣ ಹಾಯಿಸಿ, ಎಳೆದಾಗ ನಾರಿನ ಒಳರಚನೆಯೇ ಬದಲಾಗುವುದನ್ನು ತೋರಿಸಿದನು. ಬಿಸಿ ಫಲಕಗಳ ನಡುವೆ ಕೂದಲನ್ನು ನೇರವಾಗಿ ಎಳೆದರೆ ಅದು ನೇರವಾಗಿ ತಣಿಯುತ್ತದೆ. ಅದೇ ಫಲಕದ ಹೊರಮೈಗೆ ಸುತ್ತಿ ಎಳೆದರೆ ಸುರುಳಿಯಾಗಿ ತಣಿಯುತ್ತದೆ. ಯಂತ್ರ ಒಂದೇ; ಕೈಯ ತಿರುವು ಬೇರೆ. ರಾತ್ರಿ ಒದ್ದೆ ಕೂದಲಿಗೆ ಬಿಗಿಯಾಗಿ ಜಡೆ ಹಾಕಿ ಮಲಗಿದರೆ ಬೆಳಿಗ್ಗೆ ಅಲೆಅಲೆಯಾಗಿ ಬಿಚ್ಚಿಕೊಳ್ಳುವುದನ್ನು ನಮ್ಮ ಅಮ್ಮಂದಿರೂ ಬಲ್ಲರು. ವಿದ್ಯುತ್ತಿಲ್ಲದ ಸ್ಟೈಲಿಂಗ್ ಅದು.

ಇಸ್ತ್ರಿ ಎಂಬ ಮಾತು ಪೋರ್ಚುಗೀಸ್ ಭಾಷೆಯ, ಎಳೆ, ಚಾಚು ಎಂಬರ್ಥದ ಶಬ್ದದಿಂದ ಬಂದಿದೆಯೆಂದು ಹೇಳುತ್ತಾರೆ. ಬಟ್ಟೆಗೆ ಬಳಸುವ ಆ ಮಾತು ಕೂದಲಿಗೇ ಹೆಚ್ಚು ಒಪ್ಪುತ್ತದೆ.

ಆದರೆ ನಮ್ಮ ಕರಾವಳಿಯಲ್ಲಿ ಈ ಇಸ್ತ್ರಿಗೆ ಒಬ್ಬ ಶತ್ರುವಿದ್ದಾನೆ. ಜಿನೀವಾದ ವಿಜ್ಞಾನಿ ದ ಸೊಸ್ಯೂರ್ 1783ರಲ್ಲಿ ಮನುಷ್ಯನ ಕೂದಲನ್ನೇ ಬಳಸಿ ಗಾಳಿಯ ತೇವವನ್ನು ಅಳೆಯುವ ಆರ್ದ್ರತಾಮಾಪಕವನ್ನು ವಿವರಿಸಿದನು. ತೇವ ಹೆಚ್ಚಿದಂತೆ ಕೂದಲು ಉದ್ದವಾಗುತ್ತದೆ. ಪೂರ್ತಿ ಒಣಗಾಳಿಯಿಂದ ಪೂರ್ತಿ ತೇವದ ಗಾಳಿಗೆ ಬರುವಾಗ ನೂರಕ್ಕೆ ಸುಮಾರು ಎರಡರಷ್ಟು. ಅಂದರೆ ನಮ್ಮ ತಲೆಯ ಮೇಲೆ ನಾವೆಲ್ಲರೂ ಲಕ್ಷ ಮಾಪಕಗಳನ್ನು ಹೊತ್ತು ತಿರುಗುತ್ತೇವೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಂಗಳೂರಿನಲ್ಲಿ, ಜುಲೈ ತಿಂಗಳಲ್ಲಿ ಮಾಡಿದ ಸಿಂಗಾರವನ್ನು ಗಾಳಿಯೇ ಬಿಚ್ಚಿಹಾಕುತ್ತದೆ.

ಇಷ್ಟೆಲ್ಲ ಓದಿದ ಮೇಲೆ ಮೊಮ್ಮಗಳಿಗೆ ನಾನು ಕೊಟ್ಟ ಉತ್ತರವನ್ನು ಇಲ್ಲಿಯೂ ಬರೆಯುತ್ತೇನೆ. ನಿಮ್ಮ ಮನೆಯ ಹೆಣ್ಣುಮಕ್ಕಳಿಗೂ ಬೇಕಾದೀತು. ಎರಡೂ ಕೆಲಸಕ್ಕೆ ಒಂದೇ ಉಪಕರಣ ಬೇಕಾದರೆ ಫಲಕದ ಅಗಲ ಒಂದು ಇಂಚಿನಷ್ಟಿರಲಿ. ಎರಡು ಇಂಚಿನ ಅಗಲದ್ದು ನೇರ ಮಾಡಲು ಬೇಗ, ಆದರೆ ಸುರುಳಿಗೆ ಆಗದು. ಅಂಚುಗಳು ಮತ್ತು ಹೊರಮೈ ದುಂಡಾಗಿರಬೇಕು. ಚೂಪು ಅಂಚಿದ್ದರೆ ಕೂದಲಿನಲ್ಲಿ ಮಡಿಕೆಯ ಗೆರೆ ಬೀಳುತ್ತದೆ. ಸೆರಾಮಿಕ್ ಫಲಕ ಶಾಖವನ್ನು ಸಮನಾಗಿ ಹರಡುತ್ತದೆ. ಟೈಟೇನಿಯಂ ಬೇಗನೆ ಕಾಯುತ್ತದೆ, ಆದುದರಿಂದ ಹೊಸಬರಿಗೆ ಎಚ್ಚರಿಕೆ ಬೇಕು. ಶಾಖವನ್ನು ಹೆಚ್ಚುಕಡಿಮೆ ಮಾಡಿಕೊಳ್ಳುವ, ಅದನ್ನು ಅಂಕೆಯಲ್ಲಿ ತೋರಿಸುವ ವ್ಯವಸ್ಥೆ ಇರಲೇಬೇಕು. ತೆಳು ಕೂದಲಿಗೆ 150 ಡಿಗ್ರಿ ಸೆಲ್ಸಿಯಸ್ ಸಾಕು, ದಪ್ಪ ಕೂದಲಿಗೆ 180. ಯಂತ್ರದ ಮೇಲೆ 230 ಎಂದು ಬರೆದಿದ್ದರೂ 200ರ ಆಚೆಗೆ ಹೋಗುವುದು ಬೇಡ. ಅಲ್ಲಿ ಕೆರಾಟಿನ್ನೇ ಕೆಡತೊಡಗುತ್ತದೆ. ಮರೆತರೆ ತಾನಾಗಿ ಆರುವಂತಿರಲಿ. 100ರಿಂದ 240 ವೋಲ್ಟ್ ಎಂದು ಬರೆದದ್ದನ್ನು ಕೊಂಡರೆ ಯಾವ ದೇಶಕ್ಕಾದರೂ ಒಯ್ಯಬಹುದು.

ಒದ್ದೆ ಕೂದಲಿಗೆ ಬಿಸಿ ಫಲಕ ತಾಗಿಸಿದರೆ ಒಳಗಿನ ನೀರು ಆವಿಯಾಗಿ ಕೂದಲಿನಲ್ಲೇ ಗುಳ್ಳೆಗಳೇಳುತ್ತವೆ. ಆ ಜಾಗದಲ್ಲಿ ಕೂದಲು ತುಂಡಾಗುತ್ತದೆ. ಆದುದರಿಂದ ಪೂರ್ತಿ ಒಣಗಿರಬೇಕು. ನಮ್ಮ ಊರಿನವರು ವಿಶೇಷವಾಗಿ ಗಮನಿಸಬೇಕಾದದ್ದು ತೆಂಗಿನೆಣ್ಣೆ. ಗಾಣದ ತೆಂಗಿನೆಣ್ಣೆ ಸುಮಾರು 175 ಡಿಗ್ರಿಯಲ್ಲಿ ಹೊಗೆಯಾಡುತ್ತದೆ. ಎಣ್ಣೆ ಹಚ್ಚಿದ ತಲೆಗೆ ಇಸ್ತ್ರಿ ಹಾಕುವುದೆಂದರೆ ಬಾಣಲೆಯಲ್ಲಿ ಒಗ್ಗರಣೆ ಹಾಕಿದಂತೆ. ಹಾಗೆಂದು ಎಣ್ಣೆಯನ್ನು ಬಿಡಬೇಡಿ. ತೊಳೆಯುವ ಮೊದಲು ತೆಂಗಿನೆಣ್ಣೆ ಹಚ್ಚಿದರೆ ಕೂದಲಿನ ಪ್ರೋಟೀನು ನಷ್ಟವಾಗುವುದು ಕಡಿಮೆಯಾಗುತ್ತದೆಂದು 2003ರಲ್ಲಿ ಭಾರತೀಯ ಸಂಶೋಧಕರೇ ಪ್ರಕಟಿಸಿದ್ದಾರೆ. ಎಣ್ಣೆ ಹಚ್ಚಿ, ದಾಸವಾಳದ ಸೊಪ್ಪಿನ ಗೊಂಪಿನಲ್ಲಿ ತೊಳೆಯುತ್ತಿದ್ದ ಅಜ್ಜಿಯಂದಿರು ದಡ್ಡರಾಗಿರಲಿಲ್ಲ.

ಈಗ ಕೊನೆಗೆ ಹೇಳುತ್ತೇನೆಂದ ಮಾತು.

ಎಂಬತ್ತರ ದಶಕದ ಉತ್ತರಾರ್ಧದಲ್ಲಿ ನನ್ನ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಸ್ಪ್ರಿಂಗಿನಂತಹ ದಟ್ಟ ಗುಂಗುರು ಕೂದಲು. ಎರಡು ಜಡೆ, ರಿಬ್ಬನ್ನು, ಎಣ್ಣೆ ಹಚ್ಚಿ ನುಣ್ಣಗೆ ಬಾಚಿದ ತಲೆ ಎಂಬುದು ಆಗಿನ ನಿಯಮ. ಆಕೆ ಎಷ್ಟು ಬಾಚಿದರೂ ಮಧ್ಯಾಹ್ನದ ಹೊತ್ತಿಗೆ ಕೂದಲು ಎದ್ದು ನಿಲ್ಲುತ್ತಿತ್ತು. ನಾನಾಗ ಹೊಸ ಬಿ.ಎಡ್. ಪದವಿಯ ಹುರುಪಿನಲ್ಲಿದ್ದೆ, ಶಿಸ್ತೆಂದರೆ ಕಣ್ಣಿಗೆ ಕಾಣುವಂಥದ್ದೆಂದು ನಂಬಿದ್ದೆ. ಒಂದು ಸೋಮವಾರ ಪ್ರಾರ್ಥನೆಯ ಸಾಲಿನಿಂದ ಆಕೆಯನ್ನು ಹೊರಗೆ ಕರೆದು, "ಕಾಡಿನಿಂದ ಬಂದ ಹಾಗೆ ಬರಬೇಡ" ಎಂದು ಎಲ್ಲರೆದುರು ಹೇಳಿ, ನಳ್ಳಿಯ ಬಳಿ ತಲೆ ಒದ್ದೆ ಮಾಡಿಕೊಂಡು ಬಾಚಿ ಬರಲು ಕಳುಹಿಸಿದೆ. ಮಕ್ಕಳು ನಕ್ಕರು. ಆಕೆ ಒದ್ದೆ ತಲೆಯಲ್ಲಿ ಬಂದು ಕೊನೆಯ ಬೆಂಚಿನಲ್ಲಿ ಕುಳಿತಳು. ನೀರು ಆರುತ್ತಿದ್ದಂತೆ ಗುಂಗುರು ಪುನಃ ಎದ್ದಿತು. ಕೂದಲಿನ ಸುರುಳಿ ಹುಟ್ಟುವುದು ಚರ್ಮದೊಳಗಿನ ಕೋಶದ ಆಕಾರದಿಂದ, ಅದು ಹುಡುಗಿಯ ತಪ್ಪಲ್ಲ ಎಂಬುದನ್ನು ನಾನಾಗ ತಿಳಿದಿರಲಿಲ್ಲ. ತಿಳಿಯಲು ಪ್ರಯತ್ನಿಸಿಯೂ ಇರಲಿಲ್ಲ.

ಕೆಲವು ವರ್ಷಗಳ ಹಿಂದೆ ಆಕೆ ತನ್ನ ಮಗಳೊಡನೆ ಕದ್ರಿ ದೇವಸ್ಥಾನಕ್ಕೆ ಬಂದವಳು ನನ್ನನ್ನು ಗುರುತಿಸಿ ಮಾತನಾಡಿಸಿದಳು. ದೊಡ್ಡ ಕೆಲಸದಲ್ಲಿದ್ದಾಳೆ. ಕೂದಲು ಕನ್ನಡಿಯಂತೆ ನೇರವಾಗಿ ಹೆಗಲಿಗಿಳಿದಿತ್ತು. ಹೊರಡುವಾಗ ನಗುತ್ತಾ ತಲೆ ಮುಟ್ಟಿಕೊಂಡು, "ಟೀಚರ್, ಈಗ ಸರಿ ಉಂಟಲ್ಲ?" ಎಂದಳು. ನಾನೂ ನಕ್ಕುಬಿಟ್ಟೆ. ಆ ಪ್ರಶ್ನೆ ಯಾವ ದಿನದ್ದೆಂದು ಮನೆ ಸೇರಿದ ಮೇಲೆ ಹೊಳೆಯಿತು. ಆಕೆಗೆ ನೇರ ಕೂದಲೇ ಇಷ್ಟವಾಗಿರಬಹುದು. ಅದು ಆಕೆಯ ಇಚ್ಛೆ. ಆದರೆ ಆ ಇಚ್ಛೆಯಲ್ಲಿ ನಳ್ಳಿಯ ನೀರಿನ ಪಾಲೆಷ್ಟೆಂದು ನಾನು ಕೇಳಲಿಲ್ಲ. ಕ್ಯಾಲಿಫೋರ್ನಿಯಾದ ಕಾನೂನಿನ ಸುದ್ದಿ ಓದಿ ಕನ್ನಡಕ ತೆಗೆದದ್ದು ಇದಕ್ಕೇ.

ಮೊಮ್ಮಗಳಿಗೆ ಈ ಕಥೆಯನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಅವರಿಗೆ ಸಾರಿ ಹೇಳಿದ್ರಾ ಅಜ್ಜಿ?" ಎಂದಳು. ಇಲ್ಲವೆಂದೆ.

ಯಂತ್ರ ಕೊಂಡೆವು. ಒಂದು ಇಂಚಿನ ಸೆರಾಮಿಕ್ ಫಲಕದ್ದು. ಆಗಸ್ಟಿನ ಆ ಮದುವೆಯ ದಿನ ಮುಕ್ಕಾಲು ಗಂಟೆ ಕುಳಿತು ಚಂದದ ಸುರುಳಿಗಳನ್ನು ಮಾಡಿಕೊಂಡಳು. ಮಲ್ಲಿಕಟ್ಟೆ ದಾಟುವಷ್ಟರಲ್ಲಿ ಮಳೆ ಹೊಯ್ಯಿತು, ಸಭಾಂಗಣ ತಲಪುವಾಗ ಅರ್ಧ ಸುರುಳಿ ಉಳಿದಿರಲಿಲ್ಲ. ಅವಳು ಅತ್ತಾಳೆಂದುಕೊಂಡೆ. ಕನ್ನಡಿ ನೋಡಿ ನಕ್ಕು, ನನ್ನ ಕೈಲಿದ್ದ ಶಂಕರಪುರ ಮಲ್ಲಿಗೆಯ ಚೆಂಡಿನಿಂದ ಒಂದು ಮೊಳ ಕೇಳಿ ಮುಡಿದುಕೊಂಡಳು. ಬೇಕೆಂದಾಗ ಮಾಡಿಕೊಳ್ಳುವುದು, ಹೋದರೆ ಹೋಯಿತೆನ್ನುವುದು ಅವಳ ಕ್ರಮ. ಯಾರೂ ಅವಳನ್ನು ಸಾಲಿನಿಂದ ಹೊರಗೆ ಕರೆದಿಲ್ಲ. ವ್ಯತ್ಯಾಸ ಅಷ್ಟೇ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಂದು ಅನೇಕರು ಅಧ್ಯಾಪಕರಾಗಿದ್ದೀರಿ. ಮಕ್ಕಳಿಗೆ ಸ್ವಚ್ಛತೆ ಕಲಿಸಿರಿ, ಅದು ಅಗತ್ಯ. ಆದರೆ ಹುಟ್ಟಿನಿಂದ ಬಂದದ್ದನ್ನು ಅಶಿಸ್ತೆಂದು ಕರೆಯಬೇಡಿರಿ. ಆ ಸೋಮವಾರದ ಹುಡುಗಿ ಇದನ್ನು ಓದಿದರೆ ತನ್ನ ಬಗ್ಗೆಯೇ ಎಂದು ಅರಿತುಕೊಳ್ಳುವಳು. ಅಂದು ಸರಿ ಇಲ್ಲದಿದ್ದುದು ನಿನ್ನ ಕೂದಲಲ್ಲಮ್ಮ, ನಾನು. ತಡವಾಯಿತು, ಕ್ಷಮಿಸು. ಮುಂದಿನ ಸಲ ಕದ್ರಿಗೆ ಬಂದಾಗ ಮನೆಗೆ ಬಾ, ಕೂದಲು ಹೇಗಿದ್ದರೂ.